ಮೈ ಬರೆದಿಡುವ ಲೆಕ್ಕ: ಮನೆಮಂದಿಯ ರೋಗನಿರೋಧಕ ಶಕ್ತಿಗೊಂದು ಪುಸ್ತಕ

ಸಿದ್ದಾಪುರದ ಕಡೆಯ ಒಂದು ಮನೆಯ ಜಗುಲಿಯಲ್ಲಿ ಕುಳಿತು ಮಗುವಿನ ಲಸಿಕೆಗಳ ದಾಖಲೆಯಾದ "ತಾಯಿ ಕಾರ್ಡ್" ನೋಡುತ್ತಿದ್ದೆ. ಆ ಮನೆಯ ಅಜ್ಜಿ ಕಷಾಯದ ಲೋಟವನ್ನು ನನ್ನ ಮುಂದಿಟ್ಟು ಕೇಳಿದರು: "ತಂಗೀ, ನಮ್ಮ ಮಕ್ಕಳು ದಿನವೂ ಕಷಾಯ ಕುಡಿಯುತ್ತಾರೆ, ತಂಬುಳಿ ಉಣ್ಣುತ್ತಾರೆ. ಮೈಯಲ್ಲಿ ಶಕ್ತಿ ಇದೆ. ಮತ್ತೆ ಈ ಸೂಜಿ ಯಾಕೆ?"

ಕೊಟ್ಟಿಗೆಯಲ್ಲಿ ಹೊಸದಾಗಿ ಕರು ಹಾಕಿದ ಆಕಳೊಂದಿತ್ತು. "ಅಮ್ಮಾ, ಗಿಣ್ಣುಹಾಲನ್ನು ಮೊದಲು ಯಾರಿಗೆ ಬಿಟ್ಟಿರಿ?" ಎಂದು ಕೇಳಿದೆ. "ಕರುವಿಗೆ. ಅದು ಹೊಟ್ಟೆಗೆ ಹೋಗದಿದ್ದರೆ ಕರು ಉಳಿಯುತ್ತದೆಯೇ?" ಎಂದರು. ಅರ್ಧ ಪಾಠ ಅವರಿಗೆ ಗೊತ್ತೇ ಇತ್ತು. ಕರು ತಾಯಿಯ ಗರ್ಭದಲ್ಲಿದ್ದಾಗ ಅದಕ್ಕೆ ರಕ್ಷಣೆಯ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಹಿಡಿಯಲು ಮೈ ತಯಾರಿಸುವ ವಸ್ತುಗಳು, ದಾಟಿ ಬರುವುದಿಲ್ಲ. ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣೇ ಅದರ ಕಾವಲು. ಉಳಿದರ್ಧ ಪಾಠವನ್ನು ಹೇಳಲು ಅಂದು ಒಂದು ತಾಸು ಬೇಕಾಯಿತು.

ಘಟ್ಟದ ಮೇಲೂ ಕರಾವಳಿಯಲ್ಲೂ ಆರೋಗ್ಯ ಸಹಾಯಕಿಯಾಗಿ ಮನೆಮನೆ ತಿರುಗಿದ ನನಗೆ ಒಂದು ವಿಷಯ ಮನದಟ್ಟಾಗಿದೆ. "ರೋಗನಿರೋಧಕ ಶಕ್ತಿ" ಎಂಬ ಮಾತಿನಲ್ಲಿರುವ "ಶಕ್ತಿ" ನಮ್ಮನ್ನು ದಾರಿ ತಪ್ಪಿಸುತ್ತದೆ. ಅದು ತೋಳಿನ ಕಸುವಿನಂತೆ ಒಟ್ಟಾರೆಯಾಗಿ ಹೆಚ್ಚುವ, ಕಡಿಮೆಯಾಗುವ ವಸ್ತುವಲ್ಲ. ಬಹುಪಾಲು ಅದೊಂದು ನೆನಪು, ಅದೂ ರೋಗರೋಗಕ್ಕೆ ಬೇರೆಬೇರೆಯಾದ ನೆನಪು. ದಿನಕ್ಕೆ ನೂರು ಅಡಿಕೆ ಮರ ಹತ್ತಿ ಇಳಿಯುವ ಕೊನೆಗೌಡನ ಮೈಗೆ ಧನುರ್ವಾಯುವಿನ ಪರಿಚಯವಿಲ್ಲದಿದ್ದರೆ, ಆ ಒಂದು ರೋಗದ ಮುಂದೆ ಅವನು ಎಳೆ ಮಗುವಿನಷ್ಟೇ ಅಸಹಾಯಕ.

ಮೈ ತನ್ನ ಲೆಕ್ಕವನ್ನು ತಾನು ಇಡುತ್ತದೆ. ಆದರೆ ಅದನ್ನು ನಾವು ತೆರೆದು ಓದಲಾರೆವು. ಆದ್ದರಿಂದ ಮನೆಯಲ್ಲಿ ಅದಕ್ಕೊಂದು ಪ್ರತಿ ಇರಬೇಕು. ಅಡಿಕೆ ಎಷ್ಟು ಕ್ವಿಂಟಲ್ ಹೋಯಿತು, ಸೊಸೈಟಿಯಲ್ಲಿ ಎಷ್ಟು ಸಾಲವಿದೆ ಎಂದು ಪೈಸೆ ಬಿಡದೆ ಬರೆದಿಡುವ ಮನೆಗಳಲ್ಲೇ "ನಿಮಗೆ ಕೊನೆಯ ಸಲ ಟಿ.ಟಿ., ಅಂದರೆ ಧನುರ್ವಾಯುವಿನ ಸೂಜಿ, ಕೊಟ್ಟದ್ದು ಯಾವಾಗ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಆ ಪುಸ್ತಕವನ್ನು ಮಾಡುವುದು ಹೇಗೆ, ಅದರಲ್ಲಿ ಬರೆದದ್ದರ ಅರ್ಥವೇನು ಎಂಬುದನ್ನು ಹಂತಹಂತವಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಪುಟ ಹಾಕಿ

ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಮನೆಯ ಪ್ರತಿಯೊಬ್ಬರಿಗೂ ಎರಡೆರಡು ಪುಟ. ಹೆಸರು, ಹುಟ್ಟಿದ ದಿನ ಬರೆದು ಕೆಳಗೆ ನಾಲ್ಕು ವಿಷಯಗಳಿಗೆ ಜಾಗ ಬಿಡಿ. ಬಂದು ಹೋದ ರೋಗಗಳು; ಹಾಕಿಸಿಕೊಂಡ ಲಸಿಕೆಗಳು, ದಿನಾಂಕದೊಂದಿಗೆ; ನಾಯಿ, ಹಾವು ಕಡಿದಾಗ ಪಡೆದ ಚಿಕಿತ್ಸೆ; ಮೈಯ ಕಾವಲನ್ನು ಕುಗ್ಗಿಸುವ ಸ್ಥಿತಿಗಳು, ಅಂದರೆ ಸಕ್ಕರೆ ಕಾಯಿಲೆ, ಬಹುಕಾಲದ ಸ್ಟೀರಾಯ್ಡ್ ಮಾತ್ರೆ, ಕ್ಯಾನ್ಸರ್ ಚಿಕಿತ್ಸೆ, ಗುಲ್ಮ ತೆಗೆದ ಶಸ್ತ್ರಚಿಕಿತ್ಸೆ. ಔಷಧದ ಅಲರ್ಜಿ ಇದ್ದರೆ ಕೆಂಪು ಶಾಯಿಯಲ್ಲಿ ಮೇಲೆಯೇ ಬರೆಯಿರಿ.

ಎರಡನೆಯ ಹೆಜ್ಜೆ: ಮೈ ಹೇಗೆ ಬರೆಯುತ್ತದೆ ಎಂದು ತಿಳಿಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇದು ತಿಳಿದರೆ ಮುಂದಿನ ಎಲ್ಲ ಹೆಜ್ಜೆಗಳ ಕಾರಣ ತಾನಾಗಿ ತಿಳಿಯುತ್ತದೆ.

ಹುಟ್ಟುವಾಗಲೇ ಬಂದ ಕಾವಲೊಂದಿದೆ: ಚರ್ಮ, ಮೂಗು ಗಂಟಲಿನ ಲೋಳೆ, ಹೊಟ್ಟೆಯ ಆಮ್ಲ, ಗಾಯದ ಸುತ್ತ ಕೆಂಪಾಗಿ ಊದಿಕೊಳ್ಳುವಾಗ ಅಲ್ಲಿಗೆ ಧಾವಿಸುವ ಬಿಳಿ ರಕ್ತಕಣಗಳು, ಜ್ವರ. ತೋಟದ ಬೇಲಿಯ ಹಾಗೆ ಇದು ಒಳನುಗ್ಗುವುದು ಹಂದಿಯೋ ಮಂಗನೋ ಎಂದು ನೋಡದೆ ಎಲ್ಲವನ್ನೂ ತಡೆಯುತ್ತದೆ. ಕೆಲವು ಗಂಟೆಗಳಲ್ಲೇ ಕೆಲಸಕ್ಕೆ ಇಳಿಯುತ್ತದೆ. ಆದರೆ ಕಳೆದ ಸಲ ಬಂದವನ ಮುಖವನ್ನು ಹೆಚ್ಚಾಗಿ ನೆನಪಿಡುವುದಿಲ್ಲ.

ನೆನಪಿಡುವುದು ಎರಡನೆಯ ಕಾವಲು. ಅದರ ಕೆಲಸಗಾರರು ಬಿ ಕೋಶ, ಟಿ ಕೋಶ ಎಂಬ ಬಿಳಿ ರಕ್ತಕಣಗಳು. ರೋಗಾಣುವನ್ನು ನೋಡಿದ ಮೇಲೆ ಮೈ ಅದಕ್ಕೆ ತಕ್ಕ ಆಯುಧ ಮಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಡೆಯುವುದು ಹಾಗಲ್ಲ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯ ಅಂಚಿನ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳನ್ನು ನೆನೆಸಿಕೊಳ್ಳಿ. ಅಂಥ ಗದ್ದೆಯಲ್ಲಿ ನೂರು ತಳಿಯ ಭತ್ತವನ್ನು ಬೆರೆಸಿ ಬಿತ್ತಿದ್ದೀರಿ ಎಂದುಕೊಳ್ಳಿ. ಉಪ್ಪುನೀರು ಏರಿ ಬಂದಾಗ ಉಪ್ಪು ತಾಳುವ ಕಗ್ಗ ತಳಿ ಮಾತ್ರ ತಲೆಯೆತ್ತಿ ನಿಲ್ಲುತ್ತದೆ. ಉಪ್ಪು ಬಂದು ಕಗ್ಗವನ್ನು ಹುಟ್ಟಿಸಿದ್ದಲ್ಲ; ಕಗ್ಗ ಮೊದಲೇ ಇತ್ತು, ಉಪ್ಪು ಅದನ್ನು ಆರಿಸಿತು. ಮುಂದಿನ ವರ್ಷ ಕಣಜದಲ್ಲಿ ಅದರದೇ ಬೀಜ ಹೆಚ್ಚು. ಮೈಯಲ್ಲೂ ಹಾಗೆಯೇ. ಲಕ್ಷಗಟ್ಟಲೆ ಬಗೆಯ ಬಿ ಕೋಶಗಳು, ಒಂದೊಂದಕ್ಕೂ ಒಂದೊಂದು ಆಕಾರದ ಹಿಡಿಕೆ, ಯಾವ ರೋಗಾಣುವನ್ನೂ ಕಾಣುವ ಮೊದಲೇ ತಯಾರಾಗಿ ಓಡಾಡುತ್ತಿರುತ್ತವೆ. ಒಳಹೊಕ್ಕ ರೋಗಾಣುವಿಗೆ ಯಾವುದರ ಹಿಡಿಕೆ ಸರಿಯಾಗಿ ಕೂರುತ್ತದೆಯೋ ಆ ಕೋಶ ಮಾತ್ರ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಅದರ ಸಂತತಿಯೇ ಪ್ರತಿಕಾಯಗಳನ್ನು ಸುರಿಸುತ್ತದೆ. ಇಷ್ಟೊಂದು ಬಗೆಯ ಪ್ರತಿಕಾಯಗಳು ಕೆಲವೇ ವಂಶವಾಹಿಗಳಿಂದ ಹೇಗೆ ಹುಟ್ಟುತ್ತವೆ ಎಂಬುದನ್ನು ತೋರಿಸಿದ ಜಪಾನಿನ ಸುಸುಮು ಟೊನೆಗಾವಾ ಅವರಿಗೆ 1987 ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಈ ಬೆಳೆಗೆ ಕಾಲ ಬೇಕು. ಮೊದಲ ಸಲ ಸಾಕಷ್ಟು ಪ್ರತಿಕಾಯ ತಯಾರಾಗಲು ಸುಮಾರು ಒಂದರಿಂದ ಎರಡು ವಾರ ಹಿಡಿಯುತ್ತದೆ. ಕಾಲಿಗೆ ಮುಳ್ಳು ಹೊಕ್ಕು ಕೀವಾದಾಗ ತೊಡೆಸಂದಿಯಲ್ಲಿ ಗಂಟು ಏಳುತ್ತದಲ್ಲ, ಅದು ದುಗ್ಧಗ್ರಂಥಿ. ಈ ಆಯ್ಕೆ, ಬೆಳೆ ಎಲ್ಲ ನಡೆಯುವ ಗದ್ದೆ ಅದೇ. ಜಗಳ ಮುಗಿದ ಮೇಲೆ ಹೆಚ್ಚಿನ ಕೋಶಗಳು ಸಾಯುತ್ತವೆ. ಒಂದಿಷ್ಟು ಮಾತ್ರ ಬಿತ್ತನೆ ಬೀಜದಂತೆ ಉಳಿಯುತ್ತವೆ. ಇವು ನೆನಪಿನ ಕೋಶಗಳು. ಅದೇ ರೋಗಾಣು ಮತ್ತೆ ಬಂದರೆ ವಾರಗಳ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಎಷ್ಟೋ ಸಲ ರೋಗ ಬಂದದ್ದೇ ನಮಗೆ ತಿಳಿಯುವುದಿಲ್ಲ.

ಈ ನೆನಪು ಎಷ್ಟು ಕಾಲ ಬಾಳುತ್ತದೆ? ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳಲ್ಲಿ ಸಿಕ್ಕಿತು. ಅಲ್ಲಿ 1781 ರಲ್ಲಿ ದಡಾರ ಬಂದು ಹೋಗಿತ್ತು. ಮತ್ತೆ ಬಂದದ್ದು 1846 ರಲ್ಲಿ. ಸುಮಾರು 7,800 ಜನರಲ್ಲಿ 6,000 ದಷ್ಟು ಜನ ಮಲಗಿದರು. ಆದರೆ 65 ವರ್ಷಗಳ ಹಿಂದೆ, ಎಳವೆಯಲ್ಲಿ ದಡಾರ ಬಂದಿದ್ದ ಮುದುಕರಿಗೆ ಅದು ಮತ್ತೆ ತಗಲಲಿಲ್ಲ ಎಂದು ಪೀಟರ್ ಪಾನುಮ್ ಎಂಬ ವೈದ್ಯರು ಬರೆದಿಟ್ಟರು. ಆ ಮುದುಕರ ಮೈ ಒಂದು ವೈರಸ್ಸನ್ನು ಆಯುಷ್ಯವಿಡೀ ಮರೆತಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಮೈನವಿರೇಳುತ್ತದೆ.

ಲಸಿಕೆ ಎಂದರೆ ರೋಗದ ಯಾತನೆಯಿಲ್ಲದೆ ಅದರ ನೆನಪನ್ನು ಮಾತ್ರ ಬರೆಸುವುದು. ಕೊಂದ ಅಥವಾ ದುರ್ಬಲಗೊಳಿಸಿದ ರೋಗಾಣು, ಅದರ ಒಂದು ತುಣುಕು, ಅದರ ವಿಷದ ಸತ್ವ ತೆಗೆದ ರೂಪ, ಇವುಗಳಲ್ಲಿ ಯಾವುದಾದರೂ ಒಂದನ್ನು ಮೈಗೆ ತೋರಿಸುತ್ತೇವೆ. ಕೆಲವು ಲಸಿಕೆಗಳನ್ನು ಮೂರು ಸಲ ಕೊಡುವುದು ಒಮ್ಮೆ ಬರೆದ ಸಾಲು ಮಸುಕಾಗಿರುತ್ತದೆ ಎಂಬ ಕಾರಣಕ್ಕೆ. ಪ್ರತಿ ಸಲವೂ ಇನ್ನಷ್ಟು ಚೆನ್ನಾಗಿ ಹೊಂದುವ ಕೋಶಗಳು ಆಯ್ಕೆಯಾಗುತ್ತವೆ. ಆ ಆಯ್ಕೆಗೆ ಬಿಡುವು ಬೇಕು, ಅದಕ್ಕೇ ಮಕ್ಕಳ ಇಂಥ ಲಸಿಕೆಗಳಲ್ಲಿ ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರ.

ಇನ್ನೊಂದು ಬಗೆಯ ರಕ್ಷಣೆಯಿದೆ: ಬೇರೆಯವರ ಮೈ ತಯಾರಿಸಿದ ಪ್ರತಿಕಾಯಗಳನ್ನು ಹಾಗೆಯೇ ಪಡೆಯುವುದು. ತಾಯಿಯಿಂದ ಮಗುವಿಗೆ ಬರುವುದು, ಹಾವು ಕಡಿದಾಗ ಕೊಡುವ ಪ್ರತಿವಿಷ, ಹುಚ್ಚುನಾಯಿ ಕಡಿದಾಗ ಗಾಯದೊಳಗೆ ಚುಚ್ಚುವ ಸೀರಮ್ ಈ ಬಗೆಯವು. ಇದು ಕಡ ತಂದ ಹಣ. ಕೂಡಲೇ ಕೈಗೆ ಸಿಗುತ್ತದೆ, ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಕರಗಿ ಹೋಗುತ್ತದೆ, ನೆನಪನ್ನು ಉಳಿಸುವುದಿಲ್ಲ. ಕೊಳಕುಮಂಡಲ ಕಡಿದು, ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷದಿಂದ ಬದುಕಿದವರು "ನನಗೆ ಇನ್ನು ವಿಷ ಏರುವುದಿಲ್ಲ" ಎಂದು ಹೇಳಿದ್ದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ನಂಬಬೇಡಿ. ಮುಂದಿನ ಕಡಿತಕ್ಕೂ ಅಷ್ಟೇ ಬೇಗ ಆಸ್ಪತ್ರೆಗೆ ಹೋಗಬೇಕು.

ಮೂರನೆಯ ಹೆಜ್ಜೆ: ಬಂದು ಹೋದ ರೋಗಗಳನ್ನು ಬರೆಯಿರಿ, ಆದರೆ ತೂಗಿ ನೋಡಿ

ಹಿರಿಯರನ್ನು ಕೂರಿಸಿ ಕೇಳಿ. ಯಾರಿಗೆ ದಡಾರ ಬಂದಿತ್ತು, ಯಾರಿಗೆ ಸೀತಾಳೆ ಸಿಡುಬು ಬಂದಿತ್ತು? "ಅಮ್ಮ ಬಂದಿತ್ತು" ಎಂದರೆ ಯಾವುದೆಂದು ಬಿಡಿಸಿ ಕೇಳಿ. ನೀರುಗುಳ್ಳೆಯೆದ್ದು ಹೊಪ್ಪಳೆಯಾದದ್ದು ಸೀತಾಳೆ ಸಿಡುಬು. ಕಣ್ಣು ಕೆಂಪಾಗಿ, ಕೆಮ್ಮು ನೆಗಡಿಯೊಂದಿಗೆ ಮೈತುಂಬ ಕೆಂಪು ದದ್ದು ಬಂದದ್ದು ದಡಾರ. ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳಿ. ಮಂಗನಬಾವು ಎಂದರೆ ಕಿವಿಯ ಕೆಳಗೆ ಕೆನ್ನೆ ಊದುವ ರೋಗ. ಮಂಗನ ಕಾಯಿಲೆ ಎಂದರೆ ಉಣುಗಿನಿಂದ ಬರುವ ಕಾಡಿನ ಜ್ವರ. ಹೆಸರಿನಲ್ಲಿ ಮಂಗ ಇದೆ ಎನ್ನುವುದನ್ನು ಬಿಟ್ಟರೆ ಇವೆರಡಕ್ಕೂ ಸಂಬಂಧವಿಲ್ಲ.

ಬಂದು ಹೋದ ರೋಗವೆಲ್ಲ ನೆನಪನ್ನು ಬಿಟ್ಟು ಹೋಗುತ್ತದೆ ಎಂದು ತಿಳಿಯಬಾರದು. ದಡಾರ, ಸೀತಾಳೆ ಸಿಡುಬು ಸಾಮಾನ್ಯವಾಗಿ ಜೀವಮಾನದ ರಕ್ಷಣೆ ಕೊಡುತ್ತವೆ. ಧನುರ್ವಾಯು ಕೊಡುವುದಿಲ್ಲ. ಅದರ ವಿಷ ಎಷ್ಟು ಉಗ್ರವೆಂದರೆ, ಪ್ರಾಣ ತೆಗೆಯಲು ಸಾಕಾಗುವ ಪ್ರಮಾಣ ಮೈಗೆ ಗುರುತು ಹಿಡಿಯಲೂ ಸಾಲದು. ಧನುರ್ವಾಯುವಿನಿಂದ ಬದುಕಿ ಬಂದವರಿಗೂ ಲಸಿಕೆ ಕೊಡಲೇಬೇಕು. ಇಲಿ ಜ್ವರದಲ್ಲಿ ಬಹಳ ಬಗೆಗಳಿವೆ. ಒಂದರ ನೆನಪು ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಕಳೆದ ಮಳೆಗಾಲದಲ್ಲಿ ಬಂದು ಹೋಯಿತೆಂದು ಕಾಲಿನ ಗಾಯವನ್ನು ಮುಚ್ಚಿಕೊಳ್ಳದೆ ಕೆಸರು ಗದ್ದೆಗೆ ಇಳಿಯಬೇಡಿ.

ಡೆಂಗಿಯ ಲೆಕ್ಕ ಇನ್ನೂ ವಿಚಿತ್ರ. ಅದರಲ್ಲಿ ನಾಲ್ಕು ಬಗೆ. ಒಂದು ಬಂದರೆ ಆ ಬಗೆಯಿಂದ ದೀರ್ಘಕಾಲ ರಕ್ಷಣೆ. ಎರಡನೆಯ ಸಲ ಬೇರೆ ಬಗೆ ಬಂದಾಗ ಹಳೆಯ ಪ್ರತಿಕಾಯಗಳು ವೈರಸ್ಸನ್ನು ಹಿಡಿಯುತ್ತವೆ, ಕೊಲ್ಲಲಾರವು. ಕೆಲವೊಮ್ಮೆ ಅದನ್ನು ಜೀವಕೋಶಗಳೊಳಗೆ ಸಲೀಸಾಗಿ ಸೇರಿಸಿಬಿಡುತ್ತವೆ. ಹೀಗಾಗಿ ಎರಡನೆಯ ಡೆಂಗಿ ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿ ಆಗಬಹುದು. ಯಾರಿಗಾದರೂ ಡೆಂಗಿ ಬಂದು ಹೋಗಿದ್ದರೆ ವರ್ಷದೊಂದಿಗೆ ಬರೆದಿಡಿ. ಮುಂದೆ ಜ್ವರ ಬಂದಾಗ ಆ ಸಾಲನ್ನು ವೈದ್ಯರಿಗೆ ತೋರಿಸಿ.

"ಮಕ್ಕಳಿಗೆ ದಡಾರ ಬಂದು ಹೋಗಲಿ, ಅದೇ ಗಟ್ಟಿ" ಎನ್ನುವವರಿಗೆ ಒಂದು ಮಾತು. ದಡಾರದ ವೈರಸ್ ನೆನಪಿನ ಕೋಶಗಳ ಮೇಲೆಯೇ ಬೀಳುತ್ತದೆ. ಬೇರೆ ರೋಗಗಳ ವಿರುದ್ಧ ಮಗು ಗಳಿಸಿಟ್ಟುಕೊಂಡ ಪ್ರತಿಕಾಯಗಳೂ ಅಳಿಸಿಹೋಗುತ್ತವೆ ಎಂದು 2019 ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿವೆ. ಒಂದು ಪುಟ ಬರೆಸಲು ಹೋಗಿ ಪುಸ್ತಕವನ್ನೇ ಹರಿದ ಹಾಗೆ. ಲಸಿಕೆ ಈ ಹಾನಿ ಮಾಡುವುದಿಲ್ಲ.

ನಾಲ್ಕನೆಯ ಹೆಜ್ಜೆ: ಬಸುರಿ, ಬಾಣಂತಿ, ಕೂಸು

ಮನುಷ್ಯರ ಕೂಸಿಗೆ ಕರುವಿಗಿಂತ ಒಂದು ಅನುಕೂಲವಿದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಹರಿಯುತ್ತವೆ. ದಿನ ತುಂಬದೆ ಹುಟ್ಟಿದ ಮಗುವಿಗೆ ಇದು ಕಡಿಮೆ ಸಿಕ್ಕಿರುತ್ತದೆ. ಅಂಥ ಮಗುವನ್ನು ಇನ್ನಷ್ಟು ಜೋಪಾನ ಮಾಡಬೇಕು. ತಾಯಿಯ ಮೈಯಲ್ಲಿ ಇರುವುದು ಮಾತ್ರ ಮಗುವಿಗೆ ಹರಿಯಲು ಸಾಧ್ಯ. ಬಸುರಿಗೆ ಟಿ.ಡಿ. (ಧನುರ್ವಾಯು ಮತ್ತು ಗಂಟಲುಮಾರಿ) ಲಸಿಕೆ ಕೊಡುವುದು ಇದಕ್ಕಾಗಿ: ಗರ್ಭ ಗೊತ್ತಾದ ಕೂಡಲೇ ಒಂದು, ನಾಲ್ಕು ವಾರದ ನಂತರ ಇನ್ನೊಂದು. ಹಿಂದಿನ ಬಸುರಿಗೆ ಎರಡೂ ಆಗಿ ಮೂರು ವರ್ಷದೊಳಗೆ ಮತ್ತೆ ಬಸುರಿಯಾದರೆ ಒಂದೇ ಬೂಸ್ಟರ್ ಸಾಕು. ಹೊಕ್ಕುಳ ಬಳ್ಳಿಯ ಮೂಲಕ ಧನುರ್ವಾಯು ತಗಲಿ ವಾರದ ಕೂಸುಗಳು ಸಾಯುತ್ತಿದ್ದ ಕಾಲವಿತ್ತು. 2015 ರಲ್ಲಿ ಭಾರತ ಆ ಪಿಡುಗನ್ನು ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು.

ಹೆರಿಗೆಯಾದ ಒಂದು ಗಂಟೆಯೊಳಗೆ ಮೊಲೆಹಾಲು ಕೊಡಿ. ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಮನೆಗಳನ್ನು ನಾನು ಕಂಡಿದ್ದೇನೆ. ಆಕಳ ಗಿಣ್ಣಿನ ಬೆಲೆ ಬಲ್ಲವರು ತಾಯಿಯ ಗಿಣ್ಣನ್ನು ಚೆಲ್ಲುವುದನ್ನು ನೋಡಿದರೆ ಕರುಳು ಹಿಂಡುತ್ತದೆ. ಕೂಸಿನ ಗಂಟಲು, ಕರುಳಿನ ಒಳಗೋಡೆಗೆ ಅಂಟಿಕೊಂಡು ಕಾಯುವ ಪ್ರತಿಕಾಯಗಳು ಆ ಹಾಲಿನಲ್ಲಿ ತುಂಬಿವೆ. ಆರು ತಿಂಗಳು ಮೊಲೆಹಾಲು ಮಾತ್ರ ಸಾಕು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬೇಡಿ. ಕಾಡಿನ ಶುದ್ಧ ಜೇನೂ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಾಣುಗಳನ್ನು ಎಳೆಗರುಳು ತಡೆಯಲಾರದು.

ತಾಯಿಯಿಂದ ಬಂದ ಕಡ ತಿಂಗಳು ಕಳೆದಂತೆ ಕರಗುತ್ತದೆ. ದಡಾರದ ಲಸಿಕೆಯನ್ನು ಒಂಬತ್ತು ತಿಂಗಳವರೆಗೆ ಕಾಯಿಸುವುದೂ ಇದೇ ಲೆಕ್ಕದಿಂದ: ಅದಕ್ಕೆ ಮೊದಲೇ ಕೊಟ್ಟರೆ ಮೈಯಲ್ಲಿ ಉಳಿದ ತಾಯಿಯ ಪ್ರತಿಕಾಯಗಳೇ ಲಸಿಕೆಯನ್ನು ಹೊಡೆದುಹಾಕುತ್ತವೆ, ಮಗುವಿನ ಮೈ ಏನನ್ನೂ ಬರೆದುಕೊಳ್ಳುವುದಿಲ್ಲ.

ಐದನೆಯ ಹೆಜ್ಜೆ: ತಾಯಿ ಕಾರ್ಡನ್ನು ಪುಸ್ತಕಕ್ಕೆ ಇಳಿಸಿ

ಸರ್ಕಾರಿ ವೇಳಾಪಟ್ಟಿಯ ಮುಖ್ಯ ಹಂತಗಳು ಹೀಗಿವೆ. ಹುಟ್ಟಿದಾಗ ಕ್ಷಯರೋಗಕ್ಕೆ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಕೊನೆಯದು 24 ಗಂಟೆಯೊಳಗೆ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಪೆಂಟಾವೇಲೆಂಟ್, ಪೋಲಿಯೋ ಹನಿ, ರೋಟಾವೈರಸ್ ಹನಿ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ನ್ಯುಮೋನಿಯಾ, ಮೆದುಳುಪೊರೆಯ ಉರಿಯೂತ ತರುವ ಬ್ಯಾಕ್ಟೀರಿಯಾದ ಸೋಂಕು) ಎಂಬ ಐದು ರೋಗಗಳ ಲಸಿಕೆ ಸೇರಿದ್ದೇ ಪೆಂಟಾವೇಲೆಂಟ್. ಪೋಲಿಯೋ ಚುಚ್ಚುಮದ್ದು ಮತ್ತು ನ್ಯುಮೋಕಾಕಲ್ ಲಸಿಕೆ ಆರು ಮತ್ತು ಹದಿನಾಲ್ಕನೆಯ ವಾರ ಹಾಗೂ ಒಂಬತ್ತನೆಯ ತಿಂಗಳಲ್ಲಿ. ದಡಾರ-ರುಬೆಲ್ಲಾ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದಾಗ, ಎರಡನೆಯದು 16 ರಿಂದ 24 ತಿಂಗಳೊಳಗೆ. ಆಗಲೇ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್, ಪೋಲಿಯೋ ಬೂಸ್ಟರ್. ಐದರಿಂದ ಆರು ವರ್ಷದ ನಡುವೆ ಡಿಪಿಟಿ ಎರಡನೆಯ ಬೂಸ್ಟರ್. 10 ಮತ್ತು 16 ವರ್ಷಕ್ಕೆ ಟಿ.ಡಿ. ಮೆದುಳು ಜ್ವರದ ಲಸಿಕೆ, ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ, ಇವೆರಡರ ಬಗ್ಗೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮಂಗನಬಾವಿನ ಲಸಿಕೆ ಈ ಪಟ್ಟಿಯಲ್ಲಿಲ್ಲ. ಬೇಕೆನಿಸಿದರೆ ಮಕ್ಕಳ ವೈದ್ಯರೊಂದಿಗೆ ಮಾತನಾಡಿ.

ಕಾರ್ಡ್ ನೋಡುವಾಗ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಒಂದೂವರೆ ವರ್ಷದ ಸಾಲಿಗೆ. ಬಿಟ್ಟುಹೋಗುವುದು ಹೆಚ್ಚಾಗಿ ಅದೇ. ಮಗು ನಡೆಯಲು ಕಲಿತಿರುತ್ತದೆ, ತಾಯಿ ತವರಿನಿಂದ ಗಂಡನ ಮನೆಗೆ ಬಂದಿರುತ್ತಾಳೆ, ಕಾರ್ಡ್ ಅಲ್ಲೇ ಉಳಿದಿರುತ್ತದೆ. ಒಮ್ಮೆ ಕರಾವಳಿಯ ಮೀನುಗಾರರ ಕೇರಿಯಲ್ಲಿ ಒಬ್ಬ ತಾಯಿ ಕಣ್ಣು ತುಂಬಿಕೊಂಡು ಹೇಳಿದಳು: "ಅಕ್ಕಾ, ಮೂರು ತಿಂಗಳು ತಡವಾಯಿತು. ಮತ್ತೆ ಮೊದಲಿನಿಂದ ಎಲ್ಲ ಸೂಜಿ ಹಾಕಬೇಕು ಎಂದು ಯಾರೋ ಹೆದರಿಸಿದರು, ಅದಕ್ಕೇ ಬರಲಿಲ್ಲ." ಮೊದಲಿನಿಂದ ಹಾಕಬೇಕಾಗಿಲ್ಲ. ಮೈ ಬರೆದುಕೊಂಡದ್ದು ಹಾಗೆಯೇ ಇದೆ, ನಿಂತಲ್ಲಿಂದ ಮುಂದುವರಿಸಿದರಾಯಿತು. ಆದರೆ ತಡವಾದಷ್ಟು ದಿನ ಮಗು ಅರ್ಧ ಕಾವಲಿನಲ್ಲಿ ಬದುಕುತ್ತದೆ. ದಡಾರ ಬಂದ ಒಬ್ಬರಿಂದ, ಕಾವಲಿಲ್ಲದ ಊರಿನಲ್ಲಿ, 12 ರಿಂದ 18 ಜನರಿಗೆ ಹರಡಬಲ್ಲದು. ಅದನ್ನು ತಡೆಯಲು ನೂರಕ್ಕೆ 95 ಜನರಿಗಾದರೂ ರಕ್ಷಣೆ ಇರಬೇಕು. ಶಿರಸಿಯ ಮಾರಿಕಾಂಬಾ ಜಾತ್ರೆಯಂಥ ಕಡೆಗೆ ಕೂಸನ್ನು ಎತ್ತಿಕೊಂಡು ಹೋಗುವ ಮೊದಲು ಕಾರ್ಡಿನ ಈ ಸಾಲನ್ನೊಮ್ಮೆ ನೋಡಿಕೊಳ್ಳಿ.

ಲಸಿಕೆಯ ದಿನ ಮಗುವಿಗೆ ಸಣ್ಣ ನೆಗಡಿ ಇದ್ದರೆ ವಾಪಸಾಗಬೇಡಿ, ಅದು ತಡೆಯಲ್ಲ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಪೆಂಟಾವೇಲೆಂಟ್ ನಂತರ ಒಂದೆರಡು ದಿನ ಜ್ವರ, ತೊಡೆ ಊತ ಸಾಮಾನ್ಯ. ದಡಾರದ ಲಸಿಕೆಗೆ ವಾರ ಹತ್ತು ದಿನ ಕಳೆದು ಸಣ್ಣ ಜ್ವರ, ದದ್ದು ಬರಬಹುದು. ಹೇಳಿದ ಪ್ರಮಾಣದ ಪ್ಯಾರಸಿಟಮಾಲ್ ಸಾಕು. ಬಿಸಿಜಿ ಹಾಕಿದ ಎಡತೋಳಿನಲ್ಲಿ ಕೆಲವು ವಾರಗಳ ನಂತರ ಗುಳ್ಳೆಯೆದ್ದು ಒಡೆದು ಕಲೆಯಾಗುತ್ತದೆ. ಅದಕ್ಕೆ ಅರಿಶಿನ, ಎಣ್ಣೆ ಏನನ್ನೂ ಹಚ್ಚಬೇಡಿ. ಕಲೆ ಬೀಳದಿದ್ದರೂ ಮತ್ತೆ ಹಾಕಿಸಬೇಕಾಗಿಲ್ಲ.

ಆರನೆಯ ಹೆಜ್ಜೆ: ದೊಡ್ಡವರ ತೋಳು ನೋಡಿ

ಅಜ್ಜ ಅಜ್ಜಿಯರ ತೋಳಿನಲ್ಲಿ ರೂಪಾಯಿಯಗಲದ ಗುಂಡನೆಯ ಕಲೆ ಕಾಣಬಹುದು. ಅದು ಸಿಡುಬಿಗೆ ದಾಕು ಹಾಕಿದ ಗುರುತು. 1975 ರ ನಂತರ ಭಾರತದಲ್ಲಿ ಸಿಡುಬು ಇಲ್ಲ; 1980 ರಲ್ಲಿ ಜಗತ್ತಿನಿಂದಲೇ ಅದು ಹೋಯಿತೆಂದು ಸಾರಲಾಯಿತು. ಮೊಮ್ಮಕ್ಕಳಿಗೆ ಆ ಕಲೆಯನ್ನು ತೋರಿಸಿ, ಕಥೆ ಹೇಳಿ.

ದೊಡ್ಡವರ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಧನುರ್ವಾಯು. ಅದರ ಬೀಜಾಣುಗಳು ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಗಟ್ಟಲೆ ಇರುತ್ತವೆ. ಗೊಬ್ಬರ ಹಾಕಿದ ತೋಟದಲ್ಲಿ ಕತ್ತಿ, ಗುದ್ದಲಿ ಹಿಡಿದವರಿಗೆ ಗಾಯ ತಪ್ಪಿದ್ದಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲವಾದ್ದರಿಂದ ಊರಿನವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರೂ ನಿಮಗೆ ನೆರಳು ಸಿಗುವುದಿಲ್ಲ. ಲೆಕ್ಕ ಸುಲಭ: ಹಿಂದೆ ಪೂರ್ತಿ ಡೋಸ್ ಆಗಿದ್ದವರು ಹತ್ತು ವರ್ಷಕ್ಕೊಮ್ಮೆ ಬೂಸ್ಟರ್ ಹಾಕಿಸಿಕೊಳ್ಳಬೇಕು, ಮಣ್ಣು ಸೇರಿದ ಆಳವಾದ ಗಾಯವಾದಾಗ ಕೊನೆಯ ಡೋಸ್‌ಗೆ ಐದು ವರ್ಷ ಮೀರಿದ್ದರೆ ಆಗಲೇ ಒಂದು. ಒಮ್ಮೆಯೂ ಹಾಕಿಸಿಕೊಳ್ಳದವರಿಗೆ ಮೂರು ಡೋಸ್‌ಗಳ ಸರಣಿಯೇ ಬೇಕು, ಕೊಳಕು ಗಾಯವಾದರೆ ಸಿದ್ಧ ಪ್ರತಿಕಾಯದ ಚುಚ್ಚುಮದ್ದೂ ಬೇಕಾಗಬಹುದು. ಪುಸ್ತಕದಲ್ಲಿ ದಿನಾಂಕವಿದ್ದರೆ ಪ್ರತಿ ಗಾಯಕ್ಕೂ ಸೂಜಿ ಚುಚ್ಚಿಸಿಕೊಳ್ಳುವುದೂ ತಪ್ಪುತ್ತದೆ.

ಸಕ್ಕರೆ ಕಾಯಿಲೆ, ಉಬ್ಬಸ, ಹೃದ್ರೋಗ ಇರುವ ಹಿರಿಯರಿಗೆ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ. ಫ್ಲೂ ವೈರಸ್ ವರ್ಷವರ್ಷ ವೇಷ ಬದಲಿಸುವುದರಿಂದ ಅದರ ಲಸಿಕೆಯೂ ವರ್ಷಕ್ಕೊಮ್ಮೆ.

ಇನ್ನು ಆ ಅಜ್ಜಿಯ ಕಷಾಯ. ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ, ಮನಸ್ಸಿಗೂ ಹಿತ, ಬಿಡಬೇಡಿ. ಅದು ನೆನಪನ್ನು ಬರೆಯುವುದಿಲ್ಲ, ಅಷ್ಟೇ. ಬರೆಯುವ ಕೋಶಗಳು ಹೊಟ್ಟೆ ತುಂಬಿರಬೇಕು: ಬೇಳೆಕಾಳು, ಮೊಟ್ಟೆ, ಬಂಗುಡೆಯಂಥ ಮೀನು, ಹಸಿರು ಸೊಪ್ಪು, ಸಾಕಷ್ಟು ನಿದ್ದೆ. ಮಕ್ಕಳಿಗೆ ಒಂಬತ್ತನೆಯ ತಿಂಗಳಿನಿಂದ ಐದು ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ ವಿಟಮಿನ್ ಎ ದ್ರಾವಣ.

ಏಳನೆಯ ಹೆಜ್ಜೆ: ನಾಯಿ ಕಡಿತಕ್ಕೆ ಒಂದು ಪುಟ ಮೊದಲೇ ಬರೆದಿಡಿ

ಇದನ್ನು ಓದಿ ಬಿಟ್ಟರೆ ಸಾಲದು, ಪುಸ್ತಕದ ಹಿಂಬದಿಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಆದರೆ ಕಡಿತಕ್ಕೂ ಲಕ್ಷಣಕ್ಕೂ ನಡುವೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಇರುತ್ತವೆ. ವೈರಸ್ ನರಗಳ ಹಾದಿ ಹಿಡಿದು ಮೆದುಳಿಗೆ ತೆವಳುತ್ತಿರುತ್ತದೆ. ಅದು ತಲುಪುವ ಮೊದಲು ಮೈ ಪ್ರತಿಕಾಯ ತಯಾರಿಸಬೇಕು. ಇದೊಂದು ಓಟದ ಪಂದ್ಯ. 1885 ರಲ್ಲಿ ಲೂಯಿ ಪಾಶ್ಚರ್ ಕಡಿತದ ನಂತರ ಲಸಿಕೆ ಕೊಟ್ಟು ಜೋಸೆಫ್ ಮೈಸ್ಟರ್ ಎಂಬ ಬಾಲಕನನ್ನು ಉಳಿಸಿದ್ದು ಈ ಬಿಡುವಿನಲ್ಲೇ.

ಕಡಿದ ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ, ಸೋಪು ಹಚ್ಚಿ, ಪೂರಾ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ. ಸುಣ್ಣ, ಖಾರದಪುಡಿ, ಎಲೆಯ ರಸ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ಚರ್ಮ ಹರಿದು ರಕ್ತ ಬಂದಿದ್ದರೆ ಎರಡು ಕೆಲಸವಾಗಬೇಕು. ಲಸಿಕೆ ಕೆಲಸ ಆರಂಭಿಸಲು ಒಂದೆರಡು ವಾರ ಬೇಕಷ್ಟೇ, ಆ ಅಂತರವನ್ನು ತುಂಬಲು ಗಾಯದ ಒಳಗೂ ಸುತ್ತಲೂ ಸಿದ್ಧ ಪ್ರತಿಕಾಯದ ಸೀರಮ್ ಚುಚ್ಚಬೇಕು. "ಸೀರಮ್ ಕೊಡುತ್ತೀರಾ?" ಎಂದು ನೀವೇ ಕೇಳಿ. ಅಂದು ಸಿಗದಿದ್ದರೆ ಮೊದಲ ಲಸಿಕೆಯ ಏಳು ದಿನದೊಳಗೆ ಸಿಗುವಲ್ಲಿಗೆ ಹೋಗಿ. ಆಮೇಲೆ ಅದರಿಂದ ಉಪಯೋಗವಿಲ್ಲ, ಏಕೆಂದರೆ ಅಷ್ಟರಲ್ಲಿ ಮೈಯ ಸ್ವಂತ ಪ್ರತಿಕಾಯ ಬರಲು ಶುರುವಾಗಿರುತ್ತದೆ. ಮೊದಲ ಡೋಸ್‌ನ ದಿನವನ್ನು ಸೊನ್ನೆ ಎಂದು ಎಣಿಸಿದರೆ, ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28 ನೆಯ ದಿನಗಳಲ್ಲಿ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28 ರಂದು. ನಾಯಿ ಬದುಕಿದೆ, ಮನೆಯದೇ ನಾಯಿ, ಗಾಯ ಮಾಯ್ದಿದೆ ಎಂದು ನಿಮ್ಮಷ್ಟಕ್ಕೆ ನಡುವೆ ನಿಲ್ಲಿಸಬೇಡಿ.

ಪೂರ್ತಿ ಡೋಸ್ ಮುಗಿಸಿದವರನ್ನು ಮುಂದೆ ಎಂದಾದರೂ ಮತ್ತೆ ನಾಯಿ ಕಡಿದರೆ, ದಾಖಲೆ ತೋರಿಸಿದಾಗ ಸಾಮಾನ್ಯವಾಗಿ 0 ಮತ್ತು 3 ನೆಯ ದಿನದ ಎರಡೇ ಡೋಸ್ ಸಾಕಾಗುತ್ತವೆ, ಸೀರಮ್ ಬೇಕಾಗುವುದಿಲ್ಲ. ಮೈಗೆ ನೆನಪಿದೆ, ಆದರೆ ವೈದ್ಯರು ಅದನ್ನು ನಂಬಬೇಕಾದರೆ ಕಾಗದ ಬೇಕು.

ಎಂಟನೆಯ ಹೆಜ್ಜೆ: ನೆನಪಿನ ಆಸರೆ ಇಲ್ಲದ ಕಡೆ ಎಚ್ಚರ

1957 ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ನಮ್ಮ ಸಿದ್ದಾಪುರ, ಹೊನ್ನಾವರ, ಭಟ್ಕಳ, ಕುಮಟಾ, ಶಿರಸಿ ಸೀಮೆಗಳಿಗೆ ಹೊಸದಲ್ಲ. 2024 ರಲ್ಲಿ ಸಿದ್ದಾಪುರ ತಾಲ್ಲೂಕು ಬಹಳ ನೊಂದಿತು. ಇದಕ್ಕೆ ಕೊಡುತ್ತಿದ್ದ ಹಳೆಯ ಲಸಿಕೆಯ ಸತ್ವ ಸಾಲದೆಂದು 2022 ರಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಲಸಿಕೆಯ ನೆನಪು ಬೇಗ ಮಸುಕಾಗುತ್ತಿದ್ದುದರಿಂದ ವರ್ಷವರ್ಷವೂ ಬೂಸ್ಟರ್ ಬೇಕಾಗುತ್ತಿತ್ತು. ಆದ್ದರಿಂದ ಹಿಂದೆಂದೋ ಹಾಕಿಸಿಕೊಂಡವರು ಅದನ್ನು ನೆಚ್ಚಿಕೊಂಡು ಇರಬೇಡಿ.

ರೋಗದ ಕಾಲ ನವೆಂಬರ್ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವುದೂ ಆಗಲೇ. ಕಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕ ಮರಿ ಉಣುಗುಗಳು ಒಣ ಎಲೆಗಳಲ್ಲಿರುತ್ತವೆ. ಆರೋಗ್ಯ ಇಲಾಖೆಯವರು ಕೊಡುವ, ಉಣುಗು ಹತ್ತಿರ ಬಾರದಂತೆ ತಡೆಯುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಮೈತುಂಬ ಬಟ್ಟೆ ತೊಟ್ಟು ಹೋಗಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದಿ, ಕಿವಿಯ ಹಿಂದೆ ನೋಡಿಕೊಳ್ಳಿ. ಕಾಡಿಗೆ ಹೋಗಿಬಂದ ದನಗಳ ಮೈಯಲ್ಲೂ ಉಣುಗು ಮನೆಗೆ ಬರುತ್ತದೆ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಅರಣ್ಯ ಸಿಬ್ಬಂದಿಗೋ ತಿಳಿಸಿ. ಆ ಕಾಲದಲ್ಲಿ ತಟ್ಟನೆ ಸುಡುವ ಜ್ವರ, ವಿಪರೀತ ತಲೆನೋವು, ಸೊಂಟ ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ದಿನಾಂಕವನ್ನು ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಜ್ವರ ಬಿಟ್ಟು ಒಂದೆರಡು ವಾರದ ನಂತರ ಕೆಲವರಿಗೆ ಮತ್ತೆ ಬರುತ್ತದೆ. ಬಿಟ್ಟಿತೆಂದು ತೋಟಕ್ಕೆ ಇಳಿಯಬೇಡಿ.

ಕೊನೆಯ ಹೆಜ್ಜೆ: ಪುಸ್ತಕವನ್ನು ಮಳೆಯಿಂದ ಉಳಿಸಿ

ನಮ್ಮ ಕಡೆಯ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಒರಲೆ ತಿನ್ನುತ್ತದೆ. ಜೂನ್‌ಗೆ ಮೊದಲು ತಾಯಿ ಕಾರ್ಡ್, ನಾಯಿ ಕಡಿತದ ಚೀಟಿ, ಪುಸ್ತಕ ಮೂರನ್ನೂ ಬಿಸಿಲಿಗೆ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ. ಪ್ರತಿ ಪುಟದ ಫೋಟೋ ಮನೆಯ ಇಬ್ಬರ ಮೊಬೈಲ್‌ನಲ್ಲಿ ಇರಲಿ. ಮಗುವಿನ ಲಸಿಕೆಯನ್ನು ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ದಾಖಲಿಸುವಾಗ ಪದೇಪದೇ ಬದಲಾಗದ ಮೊಬೈಲ್ ಸಂಖ್ಯೆಯನ್ನು ಕೊಡಿ. ಮಗಳು ಬಾಣಂತನಕ್ಕೆ ತವರಿಗೆ ಹೊರಟರೆ, ಮಗ ಓದಲು ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಟರೆ, ಅವರ ಪುಟದ ಪ್ರತಿಯೊಂದು ಅವರ ಚೀಲದಲ್ಲಿರಲಿ. ಮೊದಲ ಪುಟದಲ್ಲಿ ಆಂಬುಲೆನ್ಸ್‌ನ 108, ಆರೋಗ್ಯ ಸಹಾಯವಾಣಿಯ 104, ನಿಮ್ಮೂರಿನ ಆಶಾ ಕಾರ್ಯಕರ್ತೆಯ ಸಂಖ್ಯೆ ಬರೆಯಿರಿ.